ಗ್ಯಾಸ್ ಪೈಪಿಗೆ ಹೊಲಿದ ಅಂಗಿ

ತಿಪಟೂರಿನ ಒಂದು ಬೀದಿಯಲ್ಲಿ ಸರ್ವಮಂಗಳಮ್ಮ ಎಂಬ ಗೃಹಿಣಿ ಇದ್ದರು. ಅವರ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುವಂತಿರಲಿಲ್ಲ. ಟಿವಿಗೆ ಕಸೂತಿಯ ಹೊದಿಕೆ, ಮಿಕ್ಸಿಗೆ ಟೋಪಿ, ಫ್ರಿಜ್ಜಿನ ಹಿಡಿಗೆ ಕೈಗವಸು, ಗ್ಯಾಸ್ ಸಿಲಿಂಡರಿಗೆ ನೆರಿಗೆ ನೆರಿಗೆಯ ಲಂಗ. ನಗಬೇಡಿ. ನಿಮ್ಮ ಮನೆಯ ಟಿವಿ ರಿಮೋಟು ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿನೊಳಗೇ ಇದೆಯೋ ಇಲ್ಲವೋ ಒಮ್ಮೆ ನೋಡಿಕೊಂಡು ಬನ್ನಿ.

ಇದಕ್ಕೆಲ್ಲ ಬಟ್ಟೆ ಎಲ್ಲಿಂದ ಬರುತ್ತಿತ್ತು ಎಂದರೆ, ಅರಿಶಿನ ಕುಂಕುಮಕ್ಕೆ ಹೋದ ಮನೆಗಳಲ್ಲಿ ಕೊಡುವ ಬ್ಲೌಸ್ ಪೀಸುಗಳಿಂದ. ರವಿಕೆ ಹೊಲಿಸಿದರೆ ಒಂದು ತೋಳಿಗೆ ಸಾಲದು, ಯಾರಿಗಾದರೂ ದಾಟಿಸೋಣ ಎಂದರೆ ಅವರ ಬೀರುವಿನಲ್ಲೂ ಅಂಥದ್ದೇ ರಾಶಿ. ಸರ್ವಮಂಗಳಮ್ಮ ಅವನ್ನೆಲ್ಲ ಕತ್ತರಿಸಿ, ಕಾಲು ಮೆಷೀನಿನಲ್ಲಿ ಹೊಲಿದು, ಮನೆಯ ಸಾಮಾನಿಗೆಲ್ಲ ಉಡಿಸಿದರು. ಹೊಲಿಗೆ ಮಾತ್ರ ಅಚ್ಚುಕಟ್ಟು, ಎಲ್ಲೂ ಒಂದು ದಾರ ಹೊರಗೆ ಇಣುಕುತ್ತಿರಲಿಲ್ಲ.

ಕೊನೆಗೆ ಅವರ ಕಣ್ಣಿಗೆ ಬಿದ್ದದ್ದು ಸಿಲಿಂಡರಿನಿಂದ ಒಲೆಗೆ ಹೋಗುವ ರಬ್ಬರ್ ಪೈಪು. ಎಣ್ಣೆ ಜಿಡ್ಡು ಹತ್ತಿದ ಆ ಕಿತ್ತಳೆ ಬಣ್ಣ ಅವರಿಗೆ ಸಹಿಸಲಾಗಲಿಲ್ಲ. ಗುಲಾಬಿ ಬಟ್ಟೆಯಲ್ಲಿ ಉದ್ದಕ್ಕೊಂದು ತೋಳು ಹೊಲಿದು, ಎರಡು ತುದಿಗೂ ಎಲಾಸ್ಟಿಕ್ ಹಾಕಿ, ಪೈಪಿಗೆ ತೊಡಿಸಿದರು. ನೋಡಿದ ಹೆಂಗಸರೆಲ್ಲ ಬಾಯ್ತುಂಬ ಹೊಗಳಿದರು. ಹೊಗಳಿಕೆಗೆ ಉಬ್ಬಿದ ಸರ್ವಮಂಗಳಮ್ಮ ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದ ಮುತ್ತೈದೆಯರಿಗೆ ತಾಂಬೂಲದ ಜೊತೆ ಒಂದೊಂದು ಪೈಪಿನ ಅಂಗಿಯನ್ನೂ ಇಟ್ಟು ಕೊಟ್ಟರು. ಬೀದಿಯ ಒಲೆಗಳ ಪೈಪೆಲ್ಲ ಅಂಗಿ ತೊಟ್ಟವು.

ಮರುವರ್ಷ ಆ ಮನೆಗೆ ಸೊಸೆ ಬಂದಳು. ಹೆಸರು ಸುಚಿತ್ರಾ, ಅರಸೀಕೆರೆಯ ಹುಡುಗಿ. ಮಾತು ಕಡಿಮೆ, ಕೆಲಸ ಚುರುಕು. ಅತ್ತೆಗೂ ಸೊಸೆಗೂ ಹೊಂದಿಕೆಯಾಗಿಯೇ ಇತ್ತು. ಅವಳು ಬಸುರಿಯಾದಾಗ ಸರ್ವಮಂಗಳಮ್ಮ ಇಡೀ ಬೀದಿಗೆ ಸಕ್ಕರೆ ಹಂಚಿ ಬಂದಿದ್ದರು. ಕೆಟ್ಟದ್ದು ಒಂದೇ ಒಂದು ಮಾತಿನಿಂದ.

"ಅತ್ತೆ, ಅಡುಗೆಮನೇಲಿ ಗ್ಯಾಸ್ ವಾಸನೆ ಬರ್ತಿದೆ ಅನ್ಸುತ್ತೆ," ಎಂದಳು ಸುಚಿತ್ರಾ ಒಂದು ಬೆಳಗ್ಗೆ.

ಅತ್ತೆಗೆ ಕೇಳಿಸಿದ್ದು ಗ್ಯಾಸ್ ಎಂಬ ಮಾತಲ್ಲ, ವಾಸನೆ ಎಂಬ ಮಾತು. ತನ್ನ ಅಡುಗೆಮನೆ ನಾರುತ್ತದೆ ಎಂದು ನಿನ್ನೆ ಮೊನ್ನೆ ಬಂದ ಹುಡುಗಿ ಹೇಳುವುದೇ? ಮೈಯೆಲ್ಲ ಉರಿಯಿತು.

"ನಾನು ಈ ಮನೆಗೆ ಬಂದಾಗಿಂದ ಇದೇ ಅಡುಗೆಮನೆ ಕಣೆ. ಇಷ್ಟು ವರ್ಷ ಒಬ್ಬರೂ ವಾಸನೆ ಅಂದಿಲ್ಲ. ಅದು ಬಸುರಿ ಮೂಗು. ನಂಗೂ ಆವಾಗ ಒಗ್ಗರಣೆ ವಾಸನೇನೇ ಆಗ್ತಿರ್ಲಿಲ್ಲ," ಎಂದರು. ಅಷ್ಟಕ್ಕೇ ಸುಮ್ಮನಾಗದೆ, ಸೊಸೆಯ ಮುಖಕ್ಕೆ ಹಿಡಿದ ಹಾಗೆ ಒಂದು ಊದುಬತ್ತಿ ಹಚ್ಚಿ ಒಲೆಯ ಪಕ್ಕದಲ್ಲೇ ಸಿಕ್ಕಿಸಿದರು.

ಗ್ಯಾಸ್ ವಾಸನೆಗೆ ಊದುಬತ್ತಿ. ಈ ಕಥೆ ಹೇಳುವಾಗ ಪ್ರತಿ ಸಲವೂ ಇಲ್ಲಿಗೆ ಬಂದಾಗ ನನಗೆ ಸಿಟ್ಟು ನೆತ್ತಿಗೇರುತ್ತದೆ. ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲ. ಸೋರಿದರೆ ಮನೆಯವರಿಗೆ ಗೊತ್ತಾಗಲಿ ಎಂದೇ ಆ ಕೆಟ್ಟ ವಾಸನೆಯನ್ನು ಬೇಕೆಂದು ಬೆರೆಸಿರುತ್ತಾರೆ. ಎಚ್ಚರಿಸಲು ಬಂದ ವಾಸನೆಯನ್ನು ಅವಮಾನ ಎಂದುಕೊಂಡು, ಅದನ್ನು ಅಡಗಿಸಲು ಅಲ್ಲೇ ಕಡ್ಡಿ ಗೀರಿದ ಹೆಂಗಸಿಗೆ ಏನೆನ್ನಬೇಕು? ಅಂದು ಏನೂ ಆಗಲಿಲ್ಲ. ಆಗದೇ ಹೋದದ್ದೇ ಕೇಡಾಯಿತು. ಸೊಸೆ ವಾಸನೆ ಎಂದಾಗಲೆಲ್ಲ ಊದುಬತ್ತಿ ಹಚ್ಚುವುದು ಅಭ್ಯಾಸವಾಯಿತು.

ಸುಚಿತ್ರಾ ಗಂಡ ನಾಗಭೂಷಣನಿಗೂ ಹೇಳಿನೋಡಿದಳು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗು ಎಳೆದ. ಊದುಬತ್ತಿಯ ಮಲ್ಲಿಗೆ ಪರಿಮಳ ಬಂತು. "ಏನೂ ಇಲ್ವಲ್ಲೇ. ಅಮ್ಮನ ಹತ್ರ ಯಾಕೆ ಸುಮ್ನೆ ನಿಷ್ಠುರ," ಎಂದು ಕೆಲಸಕ್ಕೆ ಹೋದ.

ಇನ್ನೊಂದು ಸಂಗತಿ ಹೇಳಬೇಕು. ಸರ್ವಮಂಗಳಮ್ಮ ಮೊಬೈಲಿನಲ್ಲಿ ಬಹಳ ಪರೋಪಕಾರಿ. ಕುಕ್ಕರ್ ಸಿಡಿದೀತು ಜೋಕೆ, ಚಾರ್ಜರಿಗೆ ಹಾಕಿಕೊಂಡು ಮಾತಾಡಬೇಡಿ, ಓಟಿಪಿ ಯಾರಿಗೂ ಹೇಳಬೇಡಿ ಎಂಬಂಥ ಸಂದೇಶ ಬಂದರೆ ಸಾಕು, ನೆಂಟರಿಗೆಲ್ಲ ಹೊರಡಿಸಿಬಿಡುತ್ತಿದ್ದರು. ಹಾಗೆ ಅವರು ಕಳಿಸಿದ್ದೊಂದು ಸುಚಿತ್ರಾಳ ಮೊಬೈಲಿಗೂ ಬಂದಿತ್ತು. ಅವಳು ಅದನ್ನು ಅತ್ತೆಗೆ ಓದಿ ಹೇಳಿದಳು. "ಗ್ಯಾಸ್ ಪೈಪನ್ನು ಬಟ್ಟೆಯಿಂದಾಗಲಿ ಪ್ಲಾಸ್ಟಿಕ್‌ನಿಂದಾಗಲಿ ಮುಚ್ಚಬೇಡಿ. ಬಿರುಕು ಬಿಟ್ಟರೆ ಕಾಣುವುದಿಲ್ಲ."

"ಯಾರು ಕಳಿಸಿದ್ದು ಅದನ್ನ?" ಎಂದರು ಸರ್ವಮಂಗಳಮ್ಮ ಕೆಂಡವಾಗಿ.

"ನೀವೇ ಅತ್ತೆ."

"ಅದು ಬೇರೆಯವರಿಗೆ ಕಳಿಸಿದ್ದು," ಎಂದರು ಅವರು.

ಅಂದಿನಿಂದ ಅತ್ತೆ ಸೊಸೆಗೆ ಮಾತು ನಿಂತಿತು. ಅತ್ತೆ ಕಾಫಿ ಲೋಟ ಕುಕ್ಕುವುದರಲ್ಲೇ ಎಲ್ಲವನ್ನೂ ಹೇಳುತ್ತಿದ್ದರು. ತಾನು ಹೊಲಿದ ಅಂಗಿಯನ್ನು ಬಿಚ್ಚಿಸಲು ಇವಳು ಹೂಡಿದ ಆಟ ಇದೆಂದು ಅವರಿಗೆ ಖಚಿತವಾಗಿತ್ತು. ಹಟಕ್ಕೆ ಬಿದ್ದು ಸಿಲಿಂಡರಿನ ಲಂಗಕ್ಕೆ ಇನ್ನೊಂದು ಸುತ್ತು ನೆರಿಗೆ ಸೇರಿಸಿದರು. ರೆಗ್ಯುಲೇಟರ್ ಅದರೊಳಗೆ ಪೂರ್ತಿ ಮುಚ್ಚಿಹೋಯಿತು. ಮಲಗುವ ಮುಂಚೆ ಅದನ್ನು ಆಫ್ ಮಾಡೋಣವೆಂದರೆ ಲಂಗ ಎತ್ತಿ ಹುಡುಕಬೇಕು, ಆದ್ದರಿಂದ ಯಾರೂ ಮಾಡುತ್ತಿರಲಿಲ್ಲ.

ಮತ್ತೆ ವರಮಹಾಲಕ್ಷ್ಮಿ ಹಬ್ಬ ಬಂತು. ಯಜಮಾನರೂ ಮಗನೂ ಬಾಳೆಕಂದು, ಹೂವು ತರಲು ಬೆಳಗ್ಗೆಯೇ ಪೇಟೆಗೆ ಹೋಗಿದ್ದರು. ಎದುರು ಮನೆಯ ದಾಕ್ಷಾಯಿಣಮ್ಮ ಒಬ್ಬಟ್ಟಿಗೆ ಹೂರಣ ರುಬ್ಬಿಕೊಡಲು ಬಂದಿದ್ದರು. ಸರ್ವಮಂಗಳಮ್ಮ ತಲೆಗೆ ನೀರು ಹಾಕಿಕೊಂಡು, ರೇಷ್ಮೆ ಸೀರೆ ಉಟ್ಟು, ಅಡುಗೆಮನೆಯ ಬಾಗಿಲು ತೆಗೆದರು. ಹಿಂದಿನ ದಿನ ಸಂಜೆಯಿಂದ ಕಿಟಕಿ ಮುಚ್ಚಿಯೇ ಇತ್ತು. ಒಳಗಿನಿಂದ ಗಪ್ಪೆಂದು ಬಂದ ವಾಸನೆ ಈ ಸಲ ಅವರ ಮೂಗಿಗೇ ಬಡಿಯಿತು.

ಅವರಿಗೆ ಭಯವಾಗಬೇಕಿತ್ತು. ಆಗಿದ್ದು ನಾಚಿಕೆ. ಇನ್ನೇನು ಮುತ್ತೈದೆಯರು ಬರುವ ಹೊತ್ತು, ದಾಕ್ಷಾಯಿಣಮ್ಮ ಬೆನ್ನ ಹಿಂದೆಯೇ ನಿಂತಿದ್ದಾರೆ. ಸರ್ವಮಂಗಳಮ್ಮ ಸರಸರನೆ ಊದುಬತ್ತಿಯ ಕಟ್ಟು ತೆಗೆದು, ಬೆಂಕಿಪೊಟ್ಟಣದಿಂದ ಕಡ್ಡಿ ಎಳೆದರು.

ಹಿಂದಿನಿಂದ ಓಡಿಬಂದ ಸುಚಿತ್ರಾ ಅತ್ತೆಯ ಕೈ ಮೇಲೆ ಫಟ್ಟನೆ ಹೊಡೆದಳು. ಬೆಂಕಿಪೊಟ್ಟಣ ಹಾರಿ ಪಾತ್ರೆ ತೊಳೆಯುವ ಸಿಂಕಿನ ನೀರಿಗೆ ಬಿತ್ತು. ಅತ್ತೆಯ ಕೈಯ ಹಸಿರು ಬಳೆಯೊಂದು ಒಡೆದು ನೆಲಕ್ಕೆ ಉದುರಿತು. ಹಬ್ಬದ ದಿನ, ಮುತ್ತೈದೆಯ ಬಳೆ, ಅದೂ ಪರರ ಎದುರಿಗೆ.

ಬೆಚ್ಚಿದ ದಾಕ್ಷಾಯಿಣಮ್ಮ ಏನಾಯಿತೆಂದು ನೋಡಲು ದೀಪದ ಸ್ವಿಚ್ಚಿಗೆ ಕೈ ಚಾಚಿದರು.

"ಆಂಟಿ, ಸ್ವಿಚ್ ಮುಟ್ಟಬೇಡಿ. ಇಬ್ರೂ ಹಿತ್ತಲಿಗೆ ನಡೀರಿ," ಎಂದಳು ಸುಚಿತ್ರಾ. ಸಿಲಿಂಡರಿನ ಲಂಗದೊಳಗೆ ಕೈ ತೂರಿಸಿ ರೆಗ್ಯುಲೇಟರ್ ಆಫ್ ಮಾಡಿದಳು. ಕಿಟಕಿ, ಬಾಗಿಲು ಎಲ್ಲ ತೆರೆದಳು. ಫ್ಯಾನಿಗೆ ಕೈ ಹಚ್ಚಲಿಲ್ಲ. ಹಿತ್ತಲಿಗೆ ಬಂದು, ಮನೆಯಿಂದ ಆದಷ್ಟು ದೂರ ನಿಂತು ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿದಳು.

ಸರ್ವಮಂಗಳಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನಡುಗುತ್ತಿದ್ದರು. ಹೆದರಿಕೆಗಲ್ಲ, ಸಿಟ್ಟಿಗೆ.

"ಅತ್ತೆ ಮೇಲೆ ಕೈ ಮಾಡ್ದೆಯಲ್ಲೇ. ನಿಮ್ಮಮ್ಮ ಇದನ್ನೇನಾ ಕಲಿಸಿ ಕಳಿಸಿದ್ದು? ಭೂಷಣ ಬರ್ಲಿ. ಇವತ್ತೇ ಈ ಮನೇಲಿ ಒಂದು ತೀರ್ಮಾನ ಆಗ್ಬೇಕು," ಎಂದರು.

ಸುಚಿತ್ರಾ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಬೇಲಿಯ ಪಕ್ಕ ನಿಂತಿದ್ದಳು. ದಾಕ್ಷಾಯಿಣಮ್ಮ ಯಾರ ಪರ ಮಾತಾಡುವುದೋ ತಿಳಿಯದೆ ಸೆರಗಿನಿಂದ ಗಾಳಿ ಹಾಕಿಕೊಂಡರು.

ಏಜೆನ್ಸಿಯವನು ಬಂದ. ಒಳಗೆ ಹೋಗಿ ಪೈಪನ್ನು ಬಿಚ್ಚಿ, ಅಂಗಿಯ ಸಮೇತ ಹಿಡಿದು ಹೊರಗೆ ಬಂದ. ಸುಚಿತ್ರಾ ಅವನ ಕೈಯಿಂದ ಅದನ್ನು ತೆಗೆದುಕೊಂಡು ಅತ್ತೆಯ ಮಡಿಲಲ್ಲಿಟ್ಟಳು.

"ನೀವೇ ಬಿಚ್ಚಿ ನೋಡಿ," ಎಂದಳು. ಅವಳ ದನಿಯಲ್ಲೂ ಸಿಟ್ಟಿತ್ತು. ಆ ಮನೆಗೆ ಬಂದ ಮೇಲೆ ಮೊದಲ ಸಲ.

ಸರ್ವಮಂಗಳಮ್ಮ ಎಲಾಸ್ಟಿಕ್ ಸರಿಸಿ ಬಟ್ಟೆಯನ್ನು ಹಿಂದಕ್ಕೆ ಎಳೆದರು. ಬಟ್ಟೆಯ ಮಡಿಕೆಯಿಂದ ಇಲಿ ಹಿಕ್ಕೆ ಉದುರಿ ರೇಷ್ಮೆ ಸೀರೆಯ ಮೇಲೆ ಬಿತ್ತು. ಒಲೆಯ ಕೆಳಗೆ, ಗೋಡೆಯ ಕಡೆಗೆ ತಿರುಗಿದ್ದ ಭಾಗದಲ್ಲಿ ಇಲಿ ಬಟ್ಟೆಯನ್ನು ತೂತು ಮಾಡಿ ಒಳಹೊಕ್ಕಿತ್ತು. ಬೆಚ್ಚಗಿನ ಅಂಗಿಯೊಳಗೆ ಯಾರ ಕಣ್ಣಿಗೂ ಬೀಳದೆ ಕೂತು ರಬ್ಬರನ್ನು ಕಡಿದಿತ್ತು. ಉಳಿದ ಉದ್ದಕ್ಕೂ ಪೈಪು ಒಣಗಿ ಬಿರಿದಿತ್ತು. ಅದರ ಮೇಲೆ ಅಚ್ಚಾಗಿದ್ದ ಅವಧಿ ಎಂದೋ ಮುಗಿದಿತ್ತು. ಹೊಲಿಗೆ ಮಾತ್ರ ಒಂದು ದಾರವೂ ಬಿಚ್ಚಿರಲಿಲ್ಲ.

ಕಡ್ಡಿ ಗೀರಿದ್ದರೆ ಎಂಬ ಯೋಚನೆ ಬಂದು, ಸರ್ವಮಂಗಳಮ್ಮನ ಕಣ್ಣು ತಾನಾಗಿ ಸೊಸೆಯ ಹೊಟ್ಟೆಯ ಕಡೆ ಹೋಯಿತು. ಅಷ್ಟು ದಿನ ಸೊಸೆಯ ಮೇಲಿದ್ದ ಸಿಟ್ಟೆಲ್ಲ ತಿರುಗಿ ಅವರ ಮೇಲೆಯೇ ಬಿತ್ತು. ಈ ಬಟ್ಟೆ ಹೊಲಿದ ಕೈಯನ್ನು ಏನು ಮಾಡಬೇಕು ಎನ್ನಿಸಿತು. ತಲೆ ಎತ್ತಿದಾಗ ಎದುರಿಗೆ ದಾಕ್ಷಾಯಿಣಮ್ಮ ಕಂಡರು. ಆಗ ಇನ್ನೊಂದು ನೆನಪಾಯಿತು.

"ದಾಕ್ಷಾಯಿಣಿ, ನಾನು ಕೊಟ್ಟ ಅಂಗಿ ನಿಮ್ಮ ಪೈಪಿಗೂ ಐತಲ್ವಾ?"

"ಐತಲ್ಲಕ್ಕಾ. ಹಬ್ಬಕ್ಕೆ ಅಂತ ಒಗೆದು ಮತ್ತೆ ಹಾಕಿದೀನಿ."

ಸರ್ವಮಂಗಳಮ್ಮ ಎದ್ದರು. ಹೊಲಿಗೆ ಮೆಷೀನಿನ ಮೇಲಿದ್ದ ಕತ್ತರಿ ತೆಗೆದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಇಳಿದರು. ಕಳಶ ಇನ್ನೂ ಕೂತಿರಲಿಲ್ಲ, ಪೂಜೆ ಆಗಿರಲಿಲ್ಲ. ಹಬ್ಬದ ಸೀರೆಯುಟ್ಟ ಹೆಂಗಸು ಕೈಯಲ್ಲಿ ಕತ್ತರಿ ಹಿಡಿದು ಮನೆಮನೆಗೆ ನುಗ್ಗುವುದನ್ನು ಆ ಬೀದಿ ಅಂದೇ ಮೊದಲು ನೋಡಿದ್ದು. ಅವರು ಯಾರನ್ನೂ ಮಾತಾಡಿಸಲಿಲ್ಲ. ನೇರ ಅಡುಗೆಮನೆಗೆ ಹೋಗಿ ಒಲೆ ಆರಿಸಿ, ರೆಗ್ಯುಲೇಟರ್ ಆಫ್ ಮಾಡಿ, ಎಲಾಸ್ಟಿಕ್ ಕತ್ತರಿಸಿ, ಅಂಗಿಯನ್ನು ಸರ್ರನೆ ಎಳೆದು ಹಾಕಿದರು.

"ಅಯ್ಯೋ, ಎಷ್ಟು ಚೆನ್ನಾಗಿತ್ತು. ನೀವೇ ಕೊಟ್ಟಿದ್ದಲ್ವಾ ಅಕ್ಕ?"

"ಕೊಟ್ಟೋಳೂ ನಾನೇ, ಕೀಳೋಳೂ ನಾನೇ. ಸರಿ ಅತ್ಲಾಗೆ."

ಬೀದಿಯ ತುದಿಯಲ್ಲಿದ್ದ ಮಹದೇವಮ್ಮನ ಮನೆಯಲ್ಲಿ ಅಂಗಿ ಎಳೆದಾಗ ಒಳಗಿನ ಪೈಪು ಬಿರಿದು ಬಾಯಿಬಿಟ್ಟಿತ್ತು. ಒಲೆಯ ಪಕ್ಕದಲ್ಲಿ ಉರಿದು ಮುಗಿದ ಊದುಬತ್ತಿಯ ಕಡ್ಡಿಗಳ ಕಂತೆಯೇ ಇತ್ತು.

"ವಾಸನೆ ಬರ್ತಿರ್ಲಿಲ್ವಾ ನಿಂಗೆ?" ಎಂದು ಗುಡುಗಿದರು ಸರ್ವಮಂಗಳಮ್ಮ.

"ಬರ್ತಿತ್ತಕ್ಕಾ," ಎಂದಳು ಮಹದೇವಮ್ಮ ಸಣ್ಣ ದನಿಯಲ್ಲಿ. "ಬಿಚ್ಚಿ ನೋಡೋಣ ಅಂತಾನೂ ಅನ್ಸಿತ್ತು. ಹಬ್ಬದಲ್ಲಿ ತಾಂಬೂಲದ ಜೊತೆ ಕೊಟ್ಟಿದ್ರಿ. ಬಿಚ್ಚಿದ್ದು ಗೊತ್ತಾದ್ರೆ ನೀವೇನು ಅಂದ್ಕೋತೀರೋ ಅಂತ ಸುಮ್ನಾದೆ."

ಮಹದೇವಮ್ಮನನ್ನು ಬೈಯೋಣವೆಂದರೆ, ಅವಳು ಹೆದರಿದ್ದು ಸರ್ವಮಂಗಳಮ್ಮನ ಬಾಯಿಗೇ. ಆ ಪೈಪು ಬದಲಾಗುವವರೆಗೂ ಅವಳ ಮನೆಯಲ್ಲಿ ಒಲೆ ಹಚ್ಚಕೂಡದೆಂದು ತಾಕೀತು ಮಾಡಿ, ಅವಳ ಮನೆಯವರ ಹಬ್ಬದ ಊಟ ತಮ್ಮಲ್ಲೇ ಎಂದು ಹೇಳಿ ಹೊರಬಂದರು. ಕಂಕುಳಲ್ಲಿ ಕತ್ತರಿಸಿದ ಅಂಗಿಗಳ ರಾಶಿ ಇತ್ತು. ಅದನ್ನು ತಂದು ಬಚ್ಚಲ ಪಕ್ಕದಲ್ಲಿ ನೆಲ ಒರೆಸುವ ಬಟ್ಟೆಗಳ ಜೊತೆ ಎಸೆದರು. ಸಿಲಿಂಡರಿನ ಲಂಗವೂ ಅಲ್ಲಿಗೇ ಬಿತ್ತು.

ಹೊಸ ಪೈಪು ಬಂದು ಒಲೆ ಹತ್ತುವಾಗ ಮಧ್ಯಾಹ್ನ ದಾಟಿತ್ತು. ಪೂಜೆ ತಡವಾಗಿ ಆಯಿತು. ಮುತ್ತೈದೆಯರೆಲ್ಲ ಸಾಲಾಗಿ ಕೂತರು. ಸರ್ವಮಂಗಳಮ್ಮ ಕುಂಕುಮದ ಬಟ್ಟಲು ಹಿಡಿದು, ಹಿರಿಯರನ್ನೆಲ್ಲ ದಾಟಿಕೊಂಡು ಕೊನೆಯಲ್ಲಿ ಕೂತಿದ್ದ ಸೊಸೆಯ ಮುಂದೆ ನಿಂತರು. ಮೊದಲ ಕುಂಕುಮ ಅವಳಿಗಿಟ್ಟರು. ಬ್ಲೌಸ್ ಪೀಸನ್ನು ಅವಳ ಮಡಿಲಿಗೆ ಹಾಕಿದರು.

"ಇದರಲ್ಲಿ ರವಿಕೆ ಹೊಲಿಸ್ಕೋ. ಸಾಲದೇ ಹೋದ್ರೆ ಒಲೆ ಒರೆಸು. ಇನ್ನು ಈ ಮನೇಲಿ ಯಾವುದಕ್ಕೂ ಅಂಗಿ ಹೊಲಿಯೋ ಹಾಗಿಲ್ಲ," ಎಂದರು. ಮುಖ ಇನ್ನೂ ಬಿಗಿದೇ ಇತ್ತು.

"ಬಳೆ ಒಡೀತು ಅತ್ತೆ," ಎಂದಳು ಸುಚಿತ್ರಾ, ತಲೆ ತಗ್ಗಿಸಿ.

ಸರ್ವಮಂಗಳಮ್ಮ ಒಂದು ಬಳೆ ಕಡಿಮೆಯಾದ ಕೈ ನೋಡಿಕೊಂಡರು. ಕಣ್ಣು ತುಂಬಿ ಬಂತು. ಅದಕ್ಕೂ ಸಿಟ್ಟು ಬಂದು ಗದರಿದರು.

"ಒಡೀಲಿ ಬಿಡು. ಮುಂದೆ ಎಂದಾದ್ರೂ ನಾನು ಮತ್ತೆ ಹಂಗೆ ಕಡ್ಡಿ ಗೀರೋಕೆ ಹೋದ್ರೆ, ಇನ್ನೂ ಜೋರಾಗಿ ಹೊಡಿ."

ನೀತಿ: ಮುಚ್ಚಿಟ್ಟ ಮಾತ್ರಕ್ಕೆ ಅಪಾಯ ಇಲ್ಲವಾಗುವುದಿಲ್ಲ, ನಮ್ಮ ಕಣ್ಣಿಗೆ ಕಾಣದಂತೆ ಬೆಳೆಯುತ್ತದೆ, ಅಷ್ಟೆ. ಎಚ್ಚರಿಸಿದವರ ಮೇಲೆ ಸಿಟ್ಟಾಗುವ ಮೊದಲು ಎದ್ದು ಹೋಗಿ ನೋಡಿ. ದಾಕ್ಷಿಣ್ಯಕ್ಕೆ ಬಾಯಿ ಮುಚ್ಚಿಕೊಂಡವರೂ ತಪ್ಪಿತಸ್ಥರೇ. ಗ್ಯಾಸ್ ವಾಸನೆ ಬಂದರೆ ಬೆಂಕಿ ಬೇಡ, ಸ್ವಿಚ್ ಬೇಡ. ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಹೋಗಿ ಫೋನ್ ಮಾಡಿ. ಇದನ್ನು ನಾಲ್ಕು ಜನಕ್ಕೆ ಕಳಿಸುವುದಾದರೆ ಕಳಿಸಿ, ಆದರೆ ಅದಕ್ಕೆ ಮೊದಲು ನಿಮ್ಮ ಒಲೆಯ ಕೆಳಗೆ ಬಗ್ಗಿ ಪೈಪು ನೋಡಿ ಬನ್ನಿ.