ತತ್ತಿ ಬಡಿಸಿದ ಸಂಶೋಧಕರು

ಮನೆಯಲ್ಲಿ ಲಂಬಾಣಿ ಆಡುವ ಮಕ್ಕಳಿಗೆ ಕನ್ನಡ ಎಷ್ಟು ಬರುತ್ತದೆಂದು ಅಳೆಯಲು ತಾಂಡಾದ ಶಾಲೆಗೆ ಸಂಶೋಧಕರೊಬ್ಬರು ಬಂದರು. ರೆಕಾರ್ಡರ್ ಚಾಲೂ ಮಾಡಿ, "ಹ್ಞೂಂ, ಮಾತಾಡಿ!" ಎಂದು ಗದರಿದರು. ಮೂವತ್ತು ಮಕ್ಕಳೂ ತುಟಿ ಬಿಚ್ಚಲಿಲ್ಲ.

"ಒಬ್ಬರಿಗೂ ಕನ್ನಡ ಬಾರದು ಎಂದೇ ಬರೆಯುತ್ತೇನೆ," ಎಂದು ಸಾಹೇಬರು ಪೆನ್ನು ತೆಗೆದರು.

ಬಿಸಿಯೂಟದ ಅಡುಗೆಯಾಕೆ ತತ್ತಿಯ ಬುಟ್ಟಿ ತಂದು ಅವರ ಕೈಗಿಟ್ಟಳು. "ಬರಿಯೂದು ಆಮ್ಯಾಲ ರೀ ಸರ. ನಿಮ್ಮ ಡಬ್ಬಿ ಚಾಲೂ ಇರ್ಲಿ. ಇವತ್ತು ತತ್ತಿ ನೀವ ಬಡಸ್ರಿ. ಒಬ್ಬರಿಗೆ ಹಾಕ್ರಿ, ಒಬ್ಬರಿಗೆ ಬಿಡ್ರಿ."

ಹಾಗೇ ಬಡಿಸಿದರು. ಲಂಬಾಣಿ ತಿಳಿಯದ ಸಾಹೇಬರ ಮೇಲೆ ಕನ್ನಡದ ಮಳೆಯೇ ಸುರಿಯಿತು.

"ನನಗ್ಯಾಕ ಬಿಟ್ರಿ?"

"ಇದು ಅನ್ಯಾಯ ಅದ ರೀ!"

"ಹೆಡ್ಮಾಸ್ತರಿಗೆ ಹೇಳ್ತೀವಿ!"

ಬೆವೆತ ಸಾಹೇಬರು, "ಎಲ್ಲರೂ ಪಾಸು!" ಎಂದು ಕೂಗಿದರು.

"ನಮ್ಮ ಮಕ್ಕಳು ಪಾಸು ಖರೆ," ಎಂದಳು ಅಡುಗೆಯಾಕೆ, ಸೆರಗು ಸಿಕ್ಕಿಸುತ್ತ. "ಉಳಿದ ತತ್ತಿ ಇತ್ತ ಕೊಡ್ರಿ. ಬಡಸೂದ್ರಾಗ ನೀವ ನಪಾಸು."