ಏಳು ಕತ್ತೆ ಹೇರು ಮುತ್ತು

ಇಲ್ಲಿ ಬಾರೇ ಚಿಟ್ಟಿ, ನಿಮ್ಮಮ್ಮನ ಕೋಣೆ ಬಾಗಿಲು ಬಡೀಬೇಡ. ಅವಳು ಮುಖಕ್ಕೆ ಅದೇನೋ ಬಸವನಹುಳದ ಲೋಳೆ ಕಲಸಿದ ಲೇಪವಂತೆ, ಬಳ್ಕೊಂಡು ಅಂಗಾತ ಮಲಗಿದ್ದಾಳೆ. ಒಣಗೋವರೆಗೂ ಮಾತಾಡೋ ಹಾಗಿಲ್ಲ, ನಗೋ ಹಾಗಿಲ್ಲ, ನಿನ್ನನ್ನ ಮುಟ್ಟೋ ಹಾಗೂ ಇಲ್ಲ. ಆ ಪುಟ್ಟ ಡಬ್ಬಿಗೆ ಎಷ್ಟು ಕೊಟ್ಟಳೋ ಕೇಳ್ಬೇಡ. ನಮ್ಮ ಹಿತ್ತಲ ಗೋಡೆ ಮೇಲೆ ಮಳೆಗಾಲದಲ್ಲಿ ಬೇಕಾದಷ್ಟು ಬಸವನಹುಳ ಹರಿದಾಡ್ತಾವೆ, ಬಿಟ್ಟಿ! ಹಚ್ಕೊಳ್ಳಲಿ ಬಿಡು, ಅವಳಿಗೂ ಆಸೆ ಇರಲ್ವಾ. ನೀನು ಕಾಲು ಚಾಚ್ಕೊಂಡು ಈ ಅಜ್ಜಿ ಪಕ್ಕ ಬಿದ್ಕೋ. ಕತೆ ಹೇಳ್ತೀನಿ, ಹ್ಞೂಂಗುಟ್ಟಬೇಕು, ಆಯ್ತಾ? ನೀನು ಹ್ಞೂಂ ಅನ್ನೋದು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಕನ್ನಡಿ ಅನ್ನೋದು ಅರಮನೇಲಿ ಮಾತ್ರ ಇದ್ದು, ಮಿಕ್ಕೋರೆಲ್ಲ ಕೆರೆ ನೀರಲ್ಲೇ ಮುಖ ನೋಡ್ಕೊಂಡು ಬೊಟ್ಟು ಇಡ್ತಿದ್ದ ಕಾಲದಲ್ಲಿ, ಹೊಳಲಾಪುರ ಅಂತ ಒಂದು ಪಟ್ಟಣ ಇತ್ತಂತೆ. ಆ ಪಟ್ಟಣದ ಕೆರೆ ಏರಿ ಕೆಳಗೆ ಹೊಂಬಾಳಮ್ಮ ಅಂತ ಒಬ್ಬಳು ಇದ್ದಳಂತೆ. ಮದುವೆ ಹೆಣ್ಣುಗಳಿಗೆ ಅರಿಶಿನ ಅರೆದು ಹಚ್ಚೋದು ಅವಳ ಕಸುಬು. ಕಸ್ತೂರಿ ಅರಿಶಿನ, ಹೆಸರುಹಿಟ್ಟು, ಹಾಲಿನ ಕೆನೆ, ಇಷ್ಟೇ ಅವಳ ಸಾಮಾನು. ಬಡವಿ ನಿಜ, ಆದ್ರೆ ಬಾಯಿಗೇನೂ ಬಡತನ ಇರ್ಲಿಲ್ಲ. ಅವಳು ಏರಿ ಕೆಳಗೆ ನಿಂತು ಮಾತಾಡಿದ್ರೆ ಆಚೆ ದಡದಲ್ಲಿ ದನ ಮೇಯಿಸೋರು ತಿರುಗಿ ನೋಡ್ತಿದ್ರಂತೆ. ನನ್ನ ಕೈಲಿ ಅರಿಶಿನ ಹಚ್ಚಿಸ್ಕೊಂಡ ಹುಡುಗಿ ಕತ್ತಲೇಲಿ ನಿಂತ್ರೂ ದೀಪ ಬೇಡ ಕಣ್ರೀ, ನನ್ನ ಮಾತು ಸುಳ್ಳಾದ್ರೆ ನನ್ನ ನಾಲಗೆ ಕೊಯ್ಕೊಳ್ಳಿ, ಅಂತಿದ್ದಳಂತೆ. ದಿನಕ್ಕೆ ಹತ್ತು ಸಲ ಇದೇ ಮಾತು, ನಾಲಗೆ ಕೊಯ್ಕೊಳ್ಳಿ, ನಾಲಗೆ ಕೊಯ್ಕೊಳ್ಳಿ. ಅವಳಿಗೆ ಮೂರು ಜನ ಹೆಣ್ಣುಮಕ್ಕಳು. ತೇಪೆ ಹಾಕಿದ ಲಂಗ, ಕಿವಿಯಲ್ಲಿ ಬೇವಿನಕಡ್ಡಿ, ಆದ್ರೆ ಮುಖ ನೋಡಿದ್ರೆ ಅದೇನು ಕಳೆ, ಅದೇನು ಹೊಳಪು, ಹುಣಸೆಹಣ್ಣು ಹಾಕಿ ಆಗ ತಾನೇ ಬೆಳಗಿದ ಹಿತ್ತಾಳೆ ಚೊಂಬಿನ ಹಾಗೆ.

ಇತ್ತ ಅರಮನೇಲಿ ಏನಾಗಿತ್ತಪ್ಪಾ ಅಂದ್ರೆ, ರಾಣಿಗೆ ಲೇಪದ ಹುಚ್ಚು ಹಿಡಿದಿತ್ತಂತೆ. ಎಂಥೆಂಥ ಲೇಪ ಅಂತೀಯಾ! ಬೆಳಗ್ಗೆ ಕಾಶ್ಮೀರದ ಕೇಸರಿ ಜೊತೆ ಸಮುದ್ರದ ಮೀನಿನ ಮೊಟ್ಟೆ ಅರೆದು ಒಂದು ಲೇಪ, ಮಧ್ಯಾಹ್ನ ನೂರು ಬಸವನಹುಳದ ಲೋಳೆಗೆ ಗಂಧ ತೇದು ಒಂದು ಲೇಪ, ಸಂಜೆ ಜೇನುಹುಳದ ವಿಷ ಒಂದೇ ಒಂದು ತೊಟ್ಟು ಬಿಟ್ಟು ಅದರ ಮೇಲೆ ಚಿನ್ನದ ರೇಕು ಅಂಟಿಸಿ ಒಂದು ಲೇಪ. ಆ ವಿಷ ತೆಗೆಯೋಕೆ ಅಂತಲೇ ಮೂರು ಜನ ಆಳುಗಳಿದ್ರಂತೆ, ಅವರ ಮುಖ ಮಾತ್ರ ವರ್ಷವೆಲ್ಲ ಊದ್ಕೊಂಡೇ ಇರೋದಂತೆ, ಪಾಪ. ಲೇಪ ಹಾಕ್ಕೊಂಡ ಮೇಲೆ ನಗಬಾರದು, ಮಾತಾಡಬಾರದು, ಬಗ್ಗಬಾರದು. ಒಂದು ಬಿರುಕು ಬಿಟ್ರೆ ಒಂದು ಊರಿನ ಕಂದಾಯ ನೀರಲ್ಲಿ ಹೋಮ. ಒಂದು ಲೇಪ ತೊಳೆಯೋಷ್ಟರಲ್ಲಿ ಮುಂದಿನ ಲೇಪದ ಹೊತ್ತಾಗ್ಬಿಡೋದಂತೆ.

ಆ ರಾಣಿಗೆ ಒಬ್ಬಳೇ ಮಗಳು, ಕಮಲಾಂಬೆ ಅಂತ, ನಿನ್ನಷ್ಟೇ ಉದ್ದ. ಆ ಮಗು ಅಮ್ಮಾ ಅಂತ ಓಡಿಬಂದ್ರೆ ರಾಣಿ ಕೂತಲ್ಲಿಂದಲೇ ಅಂಗೈ ಅಡ್ಡ ಹಿಡಿದು, ಮುಟ್ಟಬೇಡ ಅಂತ ಕೈಸನ್ನೆ ಮಾಡೋಳಂತೆ. ಅಪ್ಪನ ಹತ್ರ ಹೋಗೋಣ ಅಂದ್ರೆ ರಾಜನಿಗೆ ಬೇಟೆ, ಅದಿಲ್ಲದಿದ್ರೆ ದರ್ಬಾರು. ಹೀಗೇ ದಿನಾ ಬಾಗಿಲವರೆಗೆ ಬಂದು ವಾಪಸ್ಸು ಹೋಗಿ ಹೋಗಿ ಮಗು ಮುಖ ಬಾಡಿದ ಹೀರೇಕಾಯಿ ಆಯ್ತಂತೆ. ಆಗ ರಾಣಿ ನೋಡಿದಳಂತೆ. ನೋಡಿ ಏನಂದುಕೊಂಡಳು ಗೊತ್ತಾ? ಅಯ್ಯೋ, ನನ್ನ ಮಗಳ ಚರ್ಮ ಕೆಟ್ಟೋಯ್ತು, ಇವಳಿಗೂ ಒಂದು ಲೇಪ ಬೇಕು ಅಂತ! ಅಲ್ವೇ ಮತ್ತೆ, ಸುತ್ತಿಗೆ ಹಿಡಿದೋನಿಗೆ ಕಂಡಿದ್ದೆಲ್ಲ ಮೊಳೆಯೇ.

ಆಮೇಲೆ ಕೆರೆ ಏರಿ ಕೆಳಗಿನ ಆ ಮೂರು ಹುಡುಗೀರ ಮುಖದ ಕಳೆ ವಿಷಯ ಅರಮನೆಗೂ ಹೋಯ್ತಂತೆ. ಆ ಅರಿಶಿನದೋಳು ಮಕ್ಕಳಿಗೆ ಏನು ಹಚ್ತಾಳೆ ಕೇಳ್ಕೊಂಡು ಬಾ ಅಂತ ರಾಜ ತನ್ನ ಕರಣಿಕನ್ನ ಕಳಿಸಿದನಂತೆ. ಕರಣಿಕ ಅಂದ್ರೆ ಲೆಕ್ಕ ಪತ್ರ ಬರೆಯೋನು. ವೆಂಕಪ್ಪಯ್ಯ ಅಂತ ಅವನ ಹೆಸರು. ಬರೆಯೋದ್ರಲ್ಲಿ ಎತ್ತಿದ ಕೈ, ಕೇಳೋದ್ರಲ್ಲಿ ಮಾತ್ರ ಒಂದು ಕಿವಿ ಮಂದ. ಅವನು ಬಂದಾಗ ಹೊಂಬಾಳಮ್ಮ ಒರಳುಕಲ್ಲಿನ ಮುಂದೆ ಕೂತು ಗರಗರ ಅಂತ ಅರಿಶಿನ ಅರೀತಿದ್ದಳಂತೆ. ಏನಮ್ಮಾ, ನಿನ್ನ ಮಕ್ಕಳ ಮುಖ ಹೀಗೆ ಹೊಳೆಯೋದಕ್ಕೆ ಏನು ಗುಟ್ಟು, ಮಹಾರಾಣಿಯವರು ಕೇಳ್ತಿದ್ದಾರೆ ಅಂದನಂತೆ. ಅವಳು ಕಲ್ಲು ತಿರುಗಿಸೋದು ನಿಲ್ಲಿಸದೇನೇ, ಗುಟ್ಟೇನು ಬಂತು ಸ್ವಾಮಿ, ದಿನಾ ಮೂರು ಹೊತ್ತು ಮುತ್ತು, ಬಾಯ್ತುಂಬ ಚಿನ್ನ, ಮೇಲೊಂದು ಬೊಗಸೆ ಅಕ್ಕರೆ, ಅಷ್ಟೇ, ಮೂರೇ ದಿನದಲ್ಲಿ ಕಳೆ ಬರುತ್ತೆ, ಬರದಿದ್ರೆ ನನ್ನ ನಾಲಗೆ ಕೊಯ್ಕೊಳ್ಳಿ ಅಂದಳಂತೆ.

ಯಾಕೇ ನಗ್ತೀಯಾ? ನಿಂಗೆ ಗೊತ್ತಾಯ್ತಾ? ಜಾಣೆ. ಆದ್ರೆ ಅಷ್ಟು ಓದಿದ ವೆಂಕಪ್ಪಯ್ಯನಿಗೆ ಗೊತ್ತಾಗ್ಲಿಲ್ಲ ನೋಡು. ಅವನು ಓಲೆ ತೆಗೆದು ಬರ್ಕೊಂಡನಂತೆ. ಮೂರು ಹೊತ್ತು ಮುತ್ತು. ಬಾಯಿ ತುಂಬ ಚಿನ್ನ. ಆ ಕಲ್ಲಿನ ಗರಗರದಲ್ಲಿ ಅಕ್ಕರೆ ಅಂದಿದ್ದು ಅವನ ಮಂದ ಕಿವಿಗೆ ಸಕ್ಕರೆ ಅಂತ ಕೇಳಿಸಿ, ಬೊಗಸೆ ಸಕ್ಕರೆ ಅಂತಲೂ ಬರ್ಕೊಂಡನಂತೆ. ಕೊನೇಲಿ, ಕಳೆ ಬರದಿದ್ರೆ ನಾಲಗೆ ಕೊಯ್ಯುವುದು ಅಂತ ಅದನ್ನೂ ಬರೆದು, ಅದರ ಕೆಳಗೊಂದು ಗೆರೆ ಎಳೆದನಂತೆ!

ಆಮೇಲೆ ಅರಮನೆಯೋರು ಸುಮ್ನೆ ಇರ್ತಾರಾ. ಸಮುದ್ರದ ದಡದಿಂದ ಏಳು ಕತ್ತೆ ಹೇರು ಮುತ್ತು ತರಿಸಿದ್ರಂತೆ. ಒಂದೊಂದೂ ಕಡಲೆಕಾಳು ಗಾತ್ರ. ಮೊದಲನೇ ದಿನ ಅದನ್ನ ಕಲ್ಲಿಗೆ ಹಾಕಿ ಅರೆದು ಮೂರು ಹೊತ್ತೂ ಮಗು ಕೆನ್ನೆಗೆ ತಿಕ್ಕಿದ್ರಂತೆ, ಕೆನ್ನೆ ತರಚಿ ಕೆಂಪಗೆ ಉರಿ ಉರಿ. ಎರಡನೇ ದಿನ ಚಿನ್ನದ ರೇಕು ತಂದು ತುಟಿಯಿಂದ ತುಟಿಗೆ ಬಾಯ್ತುಂಬ ಅಂಟಿಸಿದ್ರಂತೆ, ಮಗು ಅವತ್ತೆಲ್ಲ ಒಂದು ತುತ್ತು ಅನ್ನ ತಿನ್ನಲಿಲ್ಲ. ಮೂರನೇ ದಿನ ಒಂದು ಬೊಗಸೆ ಸಕ್ಕರೆ ಪಾಕ ಮಾಡಿ ಮುಖಕ್ಕೆಲ್ಲ ಬಳಿದ್ರಂತೆ. ಇನ್ನು ಕೇಳ್ಬೇಕಾ! ಕೆಂಪಿರುವೆ, ಕಪ್ಪಿರುವೆ, ಕಟ್ಟಿರುವೆ, ಊರಲ್ಲಿರೋ ಇರುವೆಯೆಲ್ಲ ಅರಮನೆ ಮೆಟ್ಟಿಲು ಹತ್ತಿ ದಿಬ್ಬಣ ಬಂದ ಹಾಗೆ ಸಾಲುಗಟ್ಟಿ ಬಂದವಂತೆ. ಮಗು ಕಿರುಚ್ಕೊಂಡು ಹೋಗಿ ಕುದುರೆಗೆ ನೀರಿಡೋ ತೊಟ್ಟಿಯೊಳಗೆ ಬಿತ್ತಂತೆ. ರಾಣಿ ಸದ್ದು ಕೇಳಿ ಎದ್ದು ಓಡಿಬಂದಳಂತೆ, ಬಂದು, ಲೇಪ ನೆನಪಾಗಿ, ಹೊಸ್ತಿಲಲ್ಲೇ ನಿಂತುಬಿಟ್ಟಳಂತೆ.

ಅಷ್ಟೇ, ರಾಜನಿಗೆ ಬಂತು ನೋಡು ಸಿಟ್ಟು. ನನ್ನ ಮಗಳನ್ನ ಹೀಗೆ ಮಾಡಿದ ಆ ಸುಳ್ಳುಬುರುಕಿಯನ್ನ ಎಳ್ಕೊಂಡು ಬನ್ನಿ, ಓಲೇಲಿ ಇರೋ ಹಾಗೆ ನಾಲಗೆ ಕೊಯ್ಯಿರಿ ಅಂದನಂತೆ. ಭಟರು ಬಂದಾಗ ಹೊಂಬಾಳಮ್ಮನ ಮೂರು ಮಕ್ಕಳೂ ಅವಳ ಸೆರಗು ಹಿಡ್ಕೊಂಡು ಗೊಳೋ ಅಂತ ಅತ್ತರಂತೆ. ಅವಳು, ಅಳಬೇಡಿ ಚಿನ್ನ, ನಾನು ತಪ್ಪು ಹೇಳಿಲ್ಲ, ನಂಗೇನೂ ಆಗಲ್ಲ, ಒಲೆ ಮೇಲೆ ಸಾರಿದೆ, ಉಕ್ಕದ ಹಾಗೆ ನೋಡ್ಕೊಳ್ಳಿ, ಬಂದ್ಬಿಟ್ಟೆ ಅಂತ ಹೇಳಿ, ಕೈಯಲ್ಲಿದ್ದ ಅರಿಶಿನ ಕೂಡ ತೊಳೀದೆ ಹೊರಟಳಂತೆ. ಹೊರಗೆ ಹಾಗಂದಳೇ ಹೊರತು ಏರಿ ದಾಟೋಷ್ಟರಲ್ಲಿ ಮೂರು ಸಲ ಮನೆ ಕಡೆ ತಿರುಗಿ ನೋಡಿದಳಂತೆ. ಕೈ ಹೋದ್ರೆ ಅರೆಯೋಕೆ ಮಕ್ಕಳಿದ್ದಾರೆ, ಕಾಲು ಹೋದ್ರೆ ಕೂತಲ್ಲೇ ಬದುಕ್ತೀನಿ, ನಾಲಗೆ ಹೋದ್ರೆ ನನ್ನ ಮಕ್ಕಳನ್ನ ಚಿನ್ನ ಅಂತ ಕರೆಯೋರು ಯಾರು ಅಂತ ಅದೊಂದೇ ಸಂಕಟ.

ದರ್ಬಾರಿನಲ್ಲಿ ಒಬ್ಬ ಕತ್ತಿ ಮಸೀತಾ ನಿಂತಿದ್ದನಂತೆ. ಒಂದು ಪಕ್ಕದಲ್ಲಿ ಪರದೆ, ಅದರ ಹಿಂದೆ ರಾಣಿ, ಮುಖದ ತುಂಬ ಸಂಜೆ ಲೇಪ. ರಾಜ ಕೇಳಿದನಂತೆ, ಮೂರು ಹೊತ್ತು ಮುತ್ತು ಅಂತ ಹೇಳಿದ್ದು ನೀನೇ ತಾನೇ? ಹೌದು ಬುದ್ಧಿ, ನಾನೇ, ಈಗ್ಲೂ ಅದನ್ನೇ ಹೇಳ್ತೀನಿ, ಕೊಟ್ರಾ? ಕೊಟ್ವಿ, ಏಳು ಕತ್ತೆ ಹೇರು ತರಿಸಿ ಕೊಟ್ವಿ. ಹೊಂಬಾಳಮ್ಮ ಬೆಪ್ಪಾದಳಂತೆ. ಮುತ್ತನ್ನ ಕತ್ತೆ ಮೇಲೆ ತರಿಸಿದ್ರಾ? ಯಾಕೆ ಬುದ್ಧಿ, ಮನೇಲಿ ಇರ್ಲಿಲ್ವಾ? ಮನೇಲಿ ಇದ್ದಿದ್ದು ಸಾಲಲ್ಲ ಅಂತ ಸಮುದ್ರದಿಂದ ತರಿಸಿದ್ವಿ. ಅಯ್ಯೋ ಶಿವನೇ, ತರಿಸಿ ಏನ್ಮಾಡಿದ್ರಿ? ಕಲ್ಲಿಗೆ ಹಾಕಿ ಅರೆದ್ವಿ. ಅರೆದ್ರಾ! ಮುತ್ತನ್ನ ಅರೆದ್ರಾ! ಚಿನ್ನ ಏನ್ಮಾಡಿದ್ರಿ? ಬಾಯಿಗೆ ಅಂಟಿಸಿದ್ವಿ. ಅಕ್ಕರೆ? ಅದನ್ನೂ ಪಾಕ ಮಾಡಿ ಬಳಿದ್ವಿ ಅಂತ ವೆಂಕಪ್ಪಯ್ಯ ಓಲೆ ಎತ್ತಿ ತೋರಿಸಿದನಂತೆ. ಆಗ ಹೊಂಬಾಳಮ್ಮನಿಗೆ ಎಲ್ಲ ಅರ್ಥವಾಗಿ, ಕತ್ತಿ ಎದುರಿಗಿದೆ ಅನ್ನೋದನ್ನೂ ಮರೆತು, ಹೊಟ್ಟೆ ಹಿಡ್ಕೊಂಡು ನೆಲದ ಮೇಲೆ ಕೂತು ನಕ್ಕಳಂತೆ ನಕ್ಕಳಂತೆ, ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳಂತೆ.

ರಾಜ ಹಲ್ಲು ಕಡೀತಾ, ನಗ್ತೀಯಾ, ಯಾರಲ್ಲಿ, ಹಿಡೀರಿ ಇವಳ ನಾಲಗೆ ಅಂದನಂತೆ. ತಡೀರಿ ಬುದ್ಧಿ, ನಾಲಗೆ ಎಲ್ಲಿಗೂ ಓಡಿಹೋಗಲ್ಲ, ಮೊದಲು ಮಗುನ ಕರೆಸಿ ಅಂದಳಂತೆ ಅವಳು, ರಾಜನಿಗಿಂತ ಜೋರಾಗಿ. ಮಗು ಬಂತಂತೆ. ತರಚಿದ ಕೆನ್ನೆ, ಇರುವೆ ಕಚ್ಚಿದ ದದ್ದು, ಯಾರಾದ್ರೂ ಹತ್ರ ಬಂದ್ರೆ ಹಿಂದೆ ಹಿಂದೆ ಸರೀತಾ. ಹೊಂಬಾಳಮ್ಮನ ನಗು ಅಲ್ಲಿಗೆ ನಿಂತುಹೋಯ್ತಂತೆ. ಅವಳು ಎದ್ದು ಹೋಗಿ ಹಿಡೀಲಿಲ್ಲ, ಕೂತಲ್ಲೇ ಮಡಿಲು ಹಾಸಿ, ಬಾ ನನ್ನ ಚಿನ್ನ, ಬಾ ನನ್ನ ಬಂಗಾರ, ಯಾರು ಬಡಿದ್ರು ನನ್ನ ಕಂದನ್ನ ಅಂದಳಂತೆ. ಆ ಮಗುನ ಹಾಗೆ ಯಾರೂ ಕರೆದಿರ್ಲಿಲ್ಲ. ಒಂದು ಹೆಜ್ಜೆ ಇಡ್ತು, ಎರಡು ಹೆಜ್ಜೆ ಇಡ್ತು, ಮೂರನೇ ಹೆಜ್ಜೆಗೆ ಬಂದು ಮಡಿಲಲ್ಲಿ ಮುಖ ಹುದುಗಿಸಿಬಿಡ್ತಂತೆ. ಅವಳು ಆ ಗಾಯದ ಕೆನ್ನೆಗೆ ನೋವಾಗದ ಹಾಗೆ ಈ ಕಡೆ ಒಂದು ಮುತ್ತು ಕೊಟ್ಟಳಂತೆ, ಆ ಕಡೆ ಒಂದು ಮುತ್ತು ಕೊಟ್ಟಳಂತೆ. ವೆಂಕಪ್ಪಯ್ಯ ಮೆಲ್ಲಗೆ ಓಲೆಯನ್ನ ಪಂಚೆಯೊಳಗೆ ಬಚ್ಚಿಟ್ಟುಕೊಂಡನಂತೆ.

ನೋಡಿ ಬುದ್ಧಿ, ಇದು ಮುತ್ತು, ಇದು ಚಿನ್ನ, ಇದು ಅಕ್ಕರೆ, ಕತ್ತೆ ಬೇಡ ಕುದುರೆ ಬೇಡ, ಅಂದಳಂತೆ ಹೊಂಬಾಳಮ್ಮ. ಎರಡಾಯ್ತು. ಮೂರನೇದು ಕೊಡೋಕೆ ನಂಗೆ ಹಕ್ಕಿಲ್ಲ. ಅದು ಹೆತ್ತೋಳದ್ದು. ಅವರು ಕೊಟ್ಟೂ ಈ ಮಗು ಮುಖಕ್ಕೆ ಕಳೆ ಬರದಿದ್ರೆ ತಗೊಳ್ಳಿ, ನಾಲಗೆ ಚಾಚ್ಕೊಂಡು ಕೂತಿರ್ತೀನಿ, ಅಂದಳಂತೆ.

ಎಲ್ಲರ ಕಣ್ಣೂ ಪರದೆ ಕಡೆ. ಪರದೆ ಅಲುಗಾಡಲಿಲ್ಲ. ಮಗು ಆ ಕಡೆ ನೋಡ್ತು, ಆಮೇಲೆ ಎಂದಿನ ಹಾಗೆ ತಲೆ ತಗ್ಗಿಸ್ತಂತೆ. ಆ ತಲೆ ತಗ್ಗಿಸಿದ್ದು ನೋಡಿ ರಾಣಿ ಕೂತಲ್ಲಿಂದ ಎದ್ದಳಂತೆ. ಪರದೆ ಸರಿಸಿ ಬಂದೇಬಿಟ್ಟಳಂತೆ. ಬಂದು ಬಗ್ಗಿದಳು, ಚರಕ್ ಅಂತ ಹಣೆ ಮೇಲೆ ಬಿರುಕು. ಬಾಯಿ ಬಿಟ್ಟು ನನ್ನ ಚಿನ್ನಾ ಅಂದಳು, ಕೆನ್ನೆ ಎರಡೂ ಹೋಳು. ತುಟಿ ಮುಂದೆ ಮಾಡಿ ಒಂದು ಮುತ್ತು ಕೊಟ್ಟಳು ನೋಡು, ಆ ಜೇನುಹುಳದ ವಿಷ, ಆ ಚಿನ್ನದ ರೇಕು ಎಲ್ಲ ಹಳೇ ಗೋಡೆ ಸುಣ್ಣದ ಹಾಗೆ ಪಟಪಟ ಉದುರಿ ಮಗು ಮೂಗಿನ ಮೇಲೆ ಬಿತ್ತಂತೆ. ಮಗು ಕಣ್ಣರಳಿಸಿ, ಅಮ್ಮಾ, ನಿನ್ನ ಮುಖ ಉದುರ್ತಾ ಇದೆ ಅಂತ ಕಿಲಕಿಲ ನಕ್ತಂತೆ! ಆ ನಗುವಿಗೆ ಮುಖ ಹೇಗೆ ಹೊಳೀತು ಅಂತೀಯಾ, ಕತ್ತಿ ಹಿಡಿದೋನೇ ಕತ್ತಿ ಕೆಳಗಿಟ್ಟು ಕಣ್ಣೊರೆಸ್ಕೊಂಡನಂತೆ. ರಾಜ ನನಗೊಂದು ಸರದಿ ಇಲ್ವಾ ಅಂತ ಸಿಂಹಾಸನ ಇಳಿದು ಬಂದನಂತೆ.

ಆಮೇಲೆ ರಾಜ ಹೊಂಬಾಳಮ್ಮನಿಗೆ ಅರಮನೇಲೇ ಇದ್ಬಿಡು ಅಂದನಂತೆ. ಅವಳು, ಒಲೆ ಮೇಲೆ ಸಾರಿದೆ ಬುದ್ಧಿ, ಬೇಕಾದ್ರೆ ಶುಕ್ರವಾರ ಶುಕ್ರವಾರ ಬಂದು ಅರಿಶಿನ ಹಚ್ಚಿ ಹೋಗ್ತೀನಿ ಅಂದಳಂತೆ. ರಾಣಿ ಲೇಪ ಬಿಟ್ಟಳಾ? ಇಲ್ಲಪ್ಪ, ಯಾಕೆ ಬಿಡ್ತಾಳೆ, ಆದ್ರೆ ದಿನಕ್ಕೆ ಮೂರು ಹೋಗಿ ವಾರಕ್ಕೆ ಒಂದಾಯ್ತು, ಅದೂ ಮಗಳು ಮಧ್ಯ ಬಂದು ಕೆನ್ನೆ ಒಡ್ಡಿದ್ರೆ ಬಿರುಕು ಬಿಟ್ರೆ ಬಿಡಲಿ ಅಂತಿದ್ದಳಂತೆ. ಆ ಮೂರು ಆಳುಗಳ ಮುಖದ ಊತ ಇಳೀತು. ಆ ಏಳು ಕತ್ತೆ ಹೇರಲ್ಲಿ ಅರೆದ ಮುತ್ತಿನ ಪುಡಿ ಬೇಕಾದಷ್ಟು ಮಿಕ್ಕಿತ್ತಲ್ಲ, ಅದರಲ್ಲಿ ಹೊಂಬಾಳಮ್ಮನ ಮೂರು ಮಕ್ಕಳೂ ಕಮಲಾಂಬೆಯೂ ಸೇರ್ಕೊಂಡು ಅರಮನೆ ಬಾಗಿಲಿಗೆ ದಿನಾ ರಂಗೋಲಿ ಹಾಕಿದ್ರಂತೆ. ವೆಂಕಪ್ಪಯ್ಯನನ್ನ ಕೂರಿಸಿ ಹೊಂಬಾಳಮ್ಮ ತಾನೇ ಕಿವಿಗೆ ಬೆಚ್ಚನೆ ಎಣ್ಣೆ ಬಿಟ್ಟಳಂತೆ. ಒಂದು ಮಾತ್ರ, ಅವತ್ತಿಂದ ನಾಲಗೆ ಕೊಯ್ಕೊಳ್ಳಿ ಅನ್ನೋ ಮಾತನ್ನ ಅವಳು ಯಾರ ಮುಂದೆ ಬೇಕಾದ್ರೂ ಅಂತಿದ್ದಳು, ಬರ್ಕೊಳ್ಳೋರ ಮುಂದೆ ಮಾತ್ರ ಅಂತಿರ್ಲಿಲ್ವಂತೆ.

ಹ್ಞೂಂ ಅನ್ನು. ನಿದ್ದೆ ಬಂತಾ? ಇದ್ಯಾರಪ್ಪಾ ಬಾಗಿಲಲ್ಲಿ, ಅಯ್ಯೋ, ಏನಮ್ಮಾ, ಇನ್ನೂ ಒಣಗೋಕೆ ಹೊತ್ತಿತ್ತಲ್ಲ, ಮುಖ ತೊಳ್ಕೊಂಡು ಬಂದ್ಬಿಟ್ಯಾ? ಏನಂದೆ? ಗೋಡೆ ಆಚೆಯಿಂದ ಎಲ್ಲ ಕೇಳಿಸ್ತಿತ್ತಾ? ನನ್ನ ನಾಲಗೆ ಕೊಯ್ಯೋರಿಲ್ಲ ಅಂದ್ಯಾ? ಅನ್ನು ತಾಯಿ, ಅನ್ನು, ನೀನಲ್ಲದೆ ನನ್ನನ್ನ ಇನ್ಯಾರು ಅನ್ಬೇಕು. ಬಾ, ಈ ಕಡೆ ಕೂತ್ಕೋ. ನೋಡು ಚಿಟ್ಟಿ, ಈ ಕೆನ್ನೆಗೊಂದು ನಾನು ಕೊಟ್ಟೆ, ಆ ಕೆನ್ನೆಗೊಂದು ನಾನು ಕೊಟ್ಟೆ, ಅಲ್ಲಿಗೆ ನನ್ನ ಕತೆ ಮುಗೀತು. ಮೂರನೇದು ನಿಮ್ಮಮ್ಮನ ಹತ್ರ ಇದೆ, ಇಸ್ಕೊಂಡು ಮಲ್ಕೋ.