ಕಂಬಳಿಯೊಳಗೆ ಕೂತವನು ಯಾರು?

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ, ಇದು ದೂರ ಕೂತು ಕೇಳುವ ಕಥೆಯಲ್ಲ.

ಒಂದು ರಾಜ್ಯದಲ್ಲಿ ಜೋಡಿಹಾಳ ಅಂತ ಒಂದು ಊರಿತ್ತು. ರಾಜನ ಅರಮನೆ ಬಲು ದೂರ. ರಾಜ ಸತ್ತ ಸುದ್ದಿ ಊರು ಮುಟ್ಟುವಷ್ಟರಲ್ಲಿ ಅವನ ಮಗನ ತಲೆಯೂ ನರೆತಿರುತ್ತಿತ್ತು. ಹಾಗಾಗಿ ಊರಿನ ಯಜಮಾನನನ್ನು ಊರವರೇ ಆರಿಸಿಕೊಳ್ಳುತ್ತಿದ್ದರು.

ಊರಿಗೆ ಎರಡು ಚಾವಡಿ. ಒಂದರವರು ಮುಂಗೈಗೆ ಕೆಂಪು ದಾರ ಕಟ್ಟುತ್ತಿದ್ದರು, ಇನ್ನೊಂದರವರು ಹಳದಿ ದಾರ. ಯಾವ ದಾರವನ್ನೂ ಕಟ್ಟದವರೂ ಬೇಕಾದಷ್ಟಿದ್ದರು. ಅವರನ್ನು ಬರಿಗೈಯವರು ಅನ್ನುತ್ತಿದ್ದರು. ಮೊದಲು ಒಂದೊಂದು ಚಾವಡಿಯೂ ಬಾಗಿಲು ಹಾಕಿಕೊಂಡು ತನ್ನ ಕಡೆಯ ಒಬ್ಬನನ್ನು ಆರಿಸುತ್ತಿತ್ತು. ಆಮೇಲೆ ಇಡೀ ಊರು ಬಯಲಿಗೆ ಬಂದು, ಆ ಇಬ್ಬರಲ್ಲಿ ಒಬ್ಬನ ಮುಂದಿನ ಗಡಿಗೆಗೆ ಹರಳು ಹಾಕುತ್ತಿತ್ತು. ಬರಿಗೈಯವರಿಗೆ ಬಯಲಲ್ಲಿ ಹರಳುಂಟು, ಚಾವಡಿಯೊಳಗೆ ಜಾಗವಿಲ್ಲ.

ಮುಖ ನೋಡಿ ಮಣೆ ಹಾಕಬಾರದು ಅಂತ ಹಿರಿಯರು ಒಂದು ಪದ್ಧತಿ ಮಾಡಿದ್ದರು. ಯಜಮಾನನಾಗಬೇಕು ಅನ್ನುವವನು ಕರಿಕಂಬಳಿ ಹೊದ್ದು, ಮುಖ ಕಾಣದ ಹಾಗೆ ಚಾವಡಿಯಲ್ಲಿ ಕೂರಬೇಕು. ಅವನ ಮಾತು ಕೇಳಿ ಜನ ಆರಿಸಬೇಕು. ಬಯಲಲ್ಲಿ ಗೆದ್ದ ಮೇಲೆ ಅವನು ಕಂಬಳಿ ತೆಗೆದು ಮುಖ ತೋರಿಸಬೇಕು.

ಇನ್ನೊಂದು ಪದ್ಧತಿಯೂ ಇತ್ತು. ಅದನ್ನು ಯಾರು ಮಾಡಿದರೋ, ಅವರ ಬಾಯಿಗೆ ಮಣ್ಣು ಹಾಕ! ಚಾವಡಿಯೊಳಗೆ ಪ್ರಶ್ನೆ ಕೇಳಿದವನನ್ನು 'ಆ ಕಡೆಯವನು' ಅಂತ ಹೊರಗೆ ದಬ್ಬುತ್ತಿದ್ದರು. ಬಯಲಲ್ಲಿ ಹರಳು ಹಿಡಿದವರಂತೂ ತುಟಿ ಬಿಚ್ಚುವ ಹಾಗೇ ಇರಲಿಲ್ಲ. ಒಳಗಿದ್ದವರು ಕೇಳುತ್ತಿರಲಿಲ್ಲ, ಕೇಳುವವರನ್ನು ಒಳಗೆ ಬಿಡುತ್ತಿರಲಿಲ್ಲ.

ಎರಡು ಚಾವಡಿಗಳ ನಡುವೆ ಒಂದು ಹಾಳುಬಾವಿ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಎರಡೂ ಕಡೆಯವರು ಅದರ ದಂಡೆಗೆ ನಿಂತು ಒಬ್ಬರಿಗೊಬ್ಬರು ಬೈದಾಡುತ್ತಿದ್ದರು. ಬೈದದ್ದೆಲ್ಲ ಬಾವಿಯೊಳಗೆ ಬೀಳುತ್ತಿತ್ತು. ಬಾವಿ ಕೇಳಿಸಿಕೊಳ್ಳುತ್ತಿತ್ತು.

ಒಂದು ವರ್ಷ ಕೆಂಪು ಚಾವಡಿಯಲ್ಲಿ ಕಂಬಳಿ ಹೊದ್ದವನೊಬ್ಬ ಬಹಳ ಚೆನ್ನಾಗಿ ಮಾತಾಡಿದ. "ಮೊದಲ ನೀರು ನಮ್ಮ ಕೇರಿಗೆ!" ಅಂತ ಜನ ಕೂಗಿದರೆ, "ಮೊದಲ ನೀರು ನಮ್ಮ ಕೇರಿಗೆ!" ಅಂತ ಅವನೂ ಕೂಗಿದ. "ಹಳದಿಯವರು ಕಳ್ಳರು!" ಅಂದರೆ, "ಹಳದಿಯವರು ಕಳ್ಳರು!" ಅಂದ. ಇಂಥ ಮನುಷ್ಯ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟೋದಿಲ್ಲ ಅಂತ ಎಲ್ಲರೂ ಕುಣಿದರು. ಬಯಲಲ್ಲೂ ಅವನೇ ಗೆದ್ದ. ಆದರೆ ಕಂಬಳಿ ತೆಗೆಯಲಿಲ್ಲ. "ನಾಚಿಕೆ ಸ್ವಭಾವ" ಅಂದುಕೊಂಡರು.

ಯಜಮಾನ ಮನೆ ಹೊಗುವಾಗ ಯಾರಾದರೂ ಹಾಡಬೇಕು. ತತ್ವಪದ ಹಾಡುವ ಕಳಕಪ್ಪ ಹೋದ. ಹೊರಗೆ ಬಂದಾಗ ಅವನ ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಅಂದಿನಿಂದ ಯಜಮಾನನ ಮನೆಯಿಂದ ಮಟಮಟ ಮಧ್ಯಾಹ್ನ ಕಳಕಪ್ಪನ ಹಾಡು ಕೇಳಿಸುತ್ತಿತ್ತು. ಕಳಕಪ್ಪ ತನ್ನ ಕಟ್ಟೆಯ ಮೇಲೆ ಕೂತು ಅದನ್ನು ಕೇಳಿ ಅಳುತ್ತಿದ್ದ.

ಮುಂದಿನ ಸಲ ಹಳದಿ ಚಾವಡಿಯವನು ಗೆದ್ದ. ಪೀಡೆ ತೊಲಗಿತು ಅಂತ ಊರು ಉಸಿರು ಬಿಟ್ಟಿತು. ಅವನೂ ಕಂಬಳಿ ತೆಗೆಯಲಿಲ್ಲ. ಸೋಬಾನೆ ಹಾಡಲು ನೀಲವ್ವಜ್ಜಿ ಹೋದಳು. ಮೂಕಿಯಾಗಿ ಬಂದಳು.

ಮೂರನೆಯ ಸಲ ಬಂತು. "ಮನೆ ಹೊಗುವಾಗ ಬಾಳವ್ವನ ಮಗಳು ಹಾಡಲಿ" ಅಂತ ಕೆಂಪು ಚಾವಡಿಯಲ್ಲಿ ಯಾರೋ ಅಂದರು. "ಬಾಳವ್ವನ ಮಗಳು ಹಾಡಲಿ" ಅಂತು ಕಂಬಳಿ. ಹಳದಿ ಚಾವಡಿಯವರು ಬಿಟ್ಟಾರೆಯೇ? ಅಲ್ಲೂ ಅದೇ ಮಾತು, ಅಲ್ಲಿನ ಕಂಬಳಿಯೂ ಅದನ್ನೇ ಅಂತು.

ಬಾಳವ್ವ ಬಳೆ ಮಾರುವವಳು. ಕೆಂಪು ದಾರ ಕಟ್ಟಿದರೆ ಹಳದಿ ಕೇರಿಯವರು ಕೈ ಕೊಡುವುದಿಲ್ಲ, ಹಳದಿ ಕಟ್ಟಿದರೆ ಕೆಂಪಿನವರು ಕೊಡುವುದಿಲ್ಲ. ಅದಕ್ಕೇ ಅವಳದು ಬರಿಗೈ. ಅವಳಿಗೆ ಇದ್ದವಳು ಒಬ್ಬಳೇ ಮಗಳು, ತಂಗೆವ್ವ. ಆ ಹುಡುಗಿ ಹಾಡಿದರೆ ಕರು ಹಾಲು ಕುಡಿಯುವುದನ್ನು ಬಿಟ್ಟು ಕಿವಿ ನಿಮಿರಿಸುತ್ತಿತ್ತು. ಯಾರು ಗೆದ್ದರೂ ಮಗಳ ದನಿ ಹೋಗುತ್ತದೆ, ಬಯಲಲ್ಲಿ ಯಾವ ಗಡಿಗೆಗೆ ಹರಳು ಹಾಕಿದರೇನು ಅಂತ ಬಾಳವ್ವನಿಗೆ ಗೊತ್ತಾಯಿತು.

ಚಾವಡಿಗಳು ಇನ್ನೂ ತಮ್ಮವನನ್ನು ಗೊತ್ತುಮಾಡಿರಲಿಲ್ಲ. ಅವಳು ಕೆಂಪು ಚಾವಡಿಗೆ ಓಡಿದಳು. ಬಾಗಿಲಲ್ಲಿ ಹಿರಿಯ ಗದಿಗೆಪ್ಪ ಕೂತಿದ್ದ.

"ಯಪ್ಪಾ, ನನ್ನ ಒಳಗ ಬಿಡ್ರಿ. ಒಂದು ಮಾತು ಕೇಳೂದೈತಿ."

"ನಮ್ಮ ಕಡಿಯಾಂವ ಅಂದ್ರ ನಮ್ಮನಿ ಅಳಿಯ ಇದ್ದಂಗ. ಅವನ್ನ ಆರಿಸಾಕ ನೀ ಯಾರವ್ವಾ?"

"ಅಳಿಯ ನಿಮ್ಮಾಂವನ, ಖರೆ. ಆದ್ರ ಅಂವ ಬಂದು ಕೂಡೂದು ನಮ್ಮೆಲ್ಲಾರ ತಲಿ ಮ್ಯಾಲಲ್ಲೇನ್ರಿ?"

ಗದಿಗೆಪ್ಪ ಕೆಟ್ಟವನಲ್ಲ. "ನಿನ್ನ ಬಿಟ್ಟರ ನಾಳೆ ಹಳದಿಯವರು ದಾರ ಬಿಚ್ಚಿ ಒಳಗ ಬರ್ತಾರ. ಬೇಕಂತ ಒಬ್ಬ ಕುಂಟನ್ನ ಆರಿಸಿ ನಮ್ಮ ಕೊರಳಿಗೆ ಕಟ್ತಾರ" ಅಂದ. ಅದೂ ಸುಳ್ಳಲ್ಲ ಮಕ್ಕಳೇ, ಅಂಥ ಕಿಡಿಗೇಡಿಗಳು ಎಲ್ಲ ಊರಲ್ಲೂ ಇರುತ್ತಾರೆ.

"ಹಂಗಾರ ಇದೊಂದು ಹೇಳ್ರಿ. ಆ ಕಂಬಳಿಯಾಗ ಕುಂತಾಂವ ಯಾರು? ನಿಮ್ಮ ಕೇರಿ ಮನಿಮನಿಗೂ ಬಳಿ ಇಡಾಕ ಹೋಗೇನಿ. ಯಾರ ಮನ್ಯಾಗೂ ಉಣ್ಣೂ ಗಂಗಾಳ ಒಂದೂ ಕಡಿಮಿ ಬಿದ್ದಿಲ್ಲ. ಎಲ್ಲಾ ಗಂಡಸರೂ ಹೊತ್ತಿಗೆ ಉಣ್ಣಾಕ ಮನಿಗೆ ಬರ್ತಾರ, ಕಂಬಳಿಯಾಗಿನಾಂವ ಅಷ್ಟ ಏಳೂದಿಲ್ಲ."

ಗದಿಗೆಪ್ಪ ಒಮ್ಮೆ ಒಳಗಿನ ಕಂಬಳಿಯ ಕಡೆ ತಿರುಗಿ ನೋಡಿದ. ಆದರೂ ಬಾಗಿಲು ಹಾಕಿಕೊಂಡ. ಹಳದಿ ಚಾವಡಿಯಲ್ಲೂ ಅದೇ ಮಾತು, ಅದೇ ಬಾಗಿಲು. ಅಲ್ಲಿಯ ಗೋಡೆಗೆ ಕಿವಿಯಿಟ್ಟು ಬಾಳವ್ವ ಕೇಳಿದಳು. ಒಳಗೆ ಜನ ಕೂಗುತ್ತಿದ್ದರು, ಕಂಬಳಿ ಕೂಗುತ್ತಿತ್ತು. ಜನ ಸುಮ್ಮನಾದಾಗ ಕಂಬಳಿಯೂ ಸುಮ್ಮನಾಗುತ್ತಿತ್ತು. ತಾನಾಗಿ ಅದು ಒಂದು ಸಲವೂ ಕೆಮ್ಮಲಿಲ್ಲ.

ಆಗ ಅವಳಿಗೆ, ಕೂಗಿದ್ದನ್ನೇ ತಿರುಗಿ ಕೂಗುವ ಹಾಳುಬಾವಿ ನೆನಪಾಯಿತು.

ಹರಳು ಹಾಕುವ ದಿನ ಬಂತು. ನೆತ್ತಿ ಮೇಲೆ ಬಿಸಿಲು. ಬಯಲಲ್ಲಿ ಎರಡು ಕಲ್ಲು, ಕಲ್ಲಿನ ಮೇಲೆ ಎರಡು ಕಂಬಳಿ. ಅಷ್ಟು ಬಿಸಿಲಲ್ಲೂ ಅವುಗಳಿಂದ ಪಾಚಿಯ ತಣ್ಣನೆ ವಾಸನೆ ಬರುತ್ತಿತ್ತು. ಜನ ಉಸಿರು ಬಿಗಿಹಿಡಿದು ಹರಳು ಹಾಕುತ್ತಿದ್ದರು. ಬಾಳವ್ವನ ಸರದಿ ಬಂದಾಗ ಅವಳು ತುಟಿ ಬಿಚ್ಚಲಿಲ್ಲ. ಮಗಳನ್ನು ಎರಡು ಕಂಬಳಿಗಳ ನಡುವೆ ನಿಲ್ಲಿಸಿ ಬೆನ್ನು ತಟ್ಟಿದಳು. ಸುಮ್ಮನಿರಬೇಕಾದವರು ಹರಳು ಹಿಡಿದವರು ತಾನೇ? ಹುಡುಗಿಯ ಕೈಯಲ್ಲಿ ಹರಳೆಲ್ಲಿತ್ತು!

ತಂಗೆವ್ವ, ಅವ್ವ ಕಲಿಸಿದ ಹಾಗೆ, ಹಾಡಿದಳು:

"ಕಂಬಳಿ ಹೊದ್ದಾಂವನ, ಆಡೋ ಒಂದು ಮಾತ,
ಯಾರೂ ಕಲಿಸದ ನಿಂದೇ ಒಂದು ಮಾತ."

ಕೆಂಪು ಕಡೆಯ ಕಂಬಳಿ ಹಾಡಿತು, "ಆಡೋ ಒಂದು ಮಾತ." ದನಿ ತಂಗೆವ್ವನದು. ಹುಡುಗಿ ಗಂಟಲು ಹಿಡಿದುಕೊಂಡಳು. ಅವಳ ಬಾಯಿ ಆಡುತ್ತಿತ್ತು, ದನಿ ಹೋಗಿತ್ತು.

"ಅಯ್ಯೋ, ನನ್ನ ಕೂಸ!" ಅಂತ ಬಾಳವ್ವನ ಎದೆ ಒಡೆಯಿತು. ಆದರೂ ಅವಳು ಹಲ್ಲು ಕಚ್ಚಿ ನಿಂತಳು.

ಹಳದಿ ಕಡೆಯ ಕಂಬಳಿ ಅದೇ ದನಿಯಲ್ಲಿ ಕೆಂಪು ಕಂಬಳಿಯನ್ನು ಕೇಳಿತು, "ನಿಂದೇ ಒಂದು ಮಾತ." ಕೆಂಪು ಹಳದಿಯನ್ನು ಕೇಳಿತು, "ನಿಂದೇ ಒಂದು ಮಾತ." ಇದು ಅದನ್ನು ಕೇಳಿತು, ಅದು ಇದನ್ನು ಕೇಳಿತು. ಯಾರೂ ಕಲಿಸದ ಮಾತು ಎರಡರಲ್ಲೂ ಇರಲಿಲ್ಲ. ಕೇಳುತ್ತ ಕೇಳುತ್ತ ದನಿ ಸಣ್ಣದಾಯಿತು, ಕಂಬಳಿಗಳು ಕುಸಿಯತೊಡಗಿದವು. ಕೊನೆಗೆ ಕಲ್ಲಿನ ಮೇಲೆ ಚಪ್ಪಟೆಯಾಗಿ ಬಿದ್ದವು.

ಗದಿಗೆಪ್ಪ ಒಂದನ್ನು ಎತ್ತಿದ. ಒಳಗೆ ಯಾರೂ ಇರಲಿಲ್ಲ. ತಣ್ಣನೆ ಗಾಳಿಯೊಂದು ಎಲ್ಲರ ಕಾಲಿನ ನಡುವೆ ಹಾದು ಬಾವಿಯ ಕಡೆ ಹೋಯಿತು.

"ಅವ್ವಾ" ಅಂದಳು ತಂಗೆವ್ವ. ಬಾಳವ್ವ ಅವಳನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು. ತನ್ನ ಕಟ್ಟೆಯ ಮೇಲೆ ಕಳಕಪ್ಪ ಹಾಡು ಶುರುಮಾಡಿದ. ನೀಲವ್ವಜ್ಜಿಯಂತೂ ಬಾಯಿ ಬಂದದ್ದೇ ತಡ, ಎರಡೂ ಚಾವಡಿಯವರನ್ನು ಸಂಜೆಯವರೆಗೂ ಬೈದಳು.

ಅಂದಿನಿಂದ ಜೋಡಿಹಾಳದಲ್ಲಿ ಬರಿಗೈಯವರೂ ತಮಗೆ ಬೇಕಾದ ಒಂದು ಚಾವಡಿಯೊಳಗೆ ಹೋಗಬಹುದು. ಎರಡಕ್ಕೂ ಹೋಗದ ಹಾಗೆ ಹೆಬ್ಬೆರಳಿಗೆ ಕಾಡಿಗೆ ಹಚ್ಚುತ್ತಾರೆ. ಒಳಗೆ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಕಂಬಳಿ ಮಾತ್ರ ಹೊದೆಯುವ ಹಾಗಿಲ್ಲ. ಗದಿಗೆಪ್ಪ ಹೆದರಿದ ಹಾಗೆ ಒಂದು ಸಲ ಕಿಡಿಗೇಡಿಗಳು ಒಳಗೆ ನುಗ್ಗಿ ಒಬ್ಬ ದಡ್ಡನನ್ನು ಆರಿಸಿಯೂಬಿಟ್ಟರು. ಇರಲಿ, ದಡ್ಡನಾದರೂ ಅವನು ಮನುಷ್ಯನಾಗಿದ್ದ.

ಬಾಳವ್ವ ಸಾಯುವವರೆಗೂ ದಾರ ಕಟ್ಟಲಿಲ್ಲ.

ನೀತಿ ಇಷ್ಟೇ ಮಕ್ಕಳೇ: ಎಲ್ಲರನ್ನೂ ಆಳುವವನನ್ನು ಕೆಲವರೇ ಬಾಗಿಲು ಹಾಕಿಕೊಂಡು ಆರಿಸಬಾರದು. ನಮ್ಮ ಮಾತನ್ನೇ ನಮಗೆ ತಿರುಗಿ ಹೇಳುವವನನ್ನು ನಮ್ಮವನು ಅಂತ ನಂಬಬಾರದು.

ಆ ಹಾಳುಬಾವಿ ಈಗಲೂ ಇದೆ. ಬಗ್ಗಿ ಕೂಗಿದರೆ, ನಿಮಗೆ ಇಷ್ಟವಾದದ್ದನ್ನೇ ಹೇಳುತ್ತದೆ.